ಯುಗಾದಿವರೆಗೆ ಕಾಯಬೇಡಿ, ಮೇವು ಈಗಲೇ ಕೂಡಿಡಿ



ನಮಗೆ ಹೊಸ ವರ್ಷ ಎರಡು. ಕ್ಯಾಲೆಂಡರ್ ಬದಲಾಗುವುದು ಜನವರಿಗೆ, ಬೇವು-ಬೆಲ್ಲ ತಿನ್ನುವುದು ಯುಗಾದಿಗೆ. ಹಾಗಾಗಿ ಕೆಲಸ ಮುಂದೂಡುವುದಕ್ಕೂ ನಮಗೆ ಎರಡು ಅವಕಾಶ! "ಈ ಸಲ ಬೇಸಿಗೆಗೆ ಮೇವು ಕೂಡಿಡಬೇಕು" ಎಂದು ಜನವರಿಯಲ್ಲಿ ಅಂದುಕೊಳ್ಳುತ್ತೇವೆ, "ಹಬ್ಬ ಕಳೀಲಿ, ನೋಡೋಣ" ಎಂದು ಸುಮ್ಮನಾಗುತ್ತೇವೆ. ಹಬ್ಬ ಬರುವಷ್ಟರಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕೂಡಿಡಲು ಮೇವೇ ಇರುವುದಿಲ್ಲ.

2023ರಲ್ಲಿ ಸರ್ಕಾರ ಬರಪೀಡಿತವೆಂದು ಘೋಷಿಸಿದ ತಾಲ್ಲೂಕುಗಳಲ್ಲಿ ನಮ್ಮ ಎರಡೂ ತಾಲ್ಲೂಕುಗಳಿದ್ದವು. ಮುಂದಿನ ಬೇಸಿಗೆ ಹೇಗಿತ್ತು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಈಗ ನಿಮ್ಮ ಕಣದತ್ತ ಒಮ್ಮೆ ನೋಡಿ. ಶೇಂಗಾ ಬಿಡಿಸಿದ ಮೇಲೆ ಉಳಿದ ಬಳ್ಳಿ ಇನ್ನೂ ಇದೆಯೇ? ಜೋಳದ ಸೊಪ್ಪೆ, ಭತ್ತದ ಹುಲ್ಲಿಗಿಂತ ಸುಮಾರು ಎರಡು ಪಟ್ಟು ಸಸಾರಜನಕ ಇರುವ ಮೇವು ಇದು. ಆದರೆ ಇದನ್ನು ಮಾರುವ ಮಾತು ಹೊಲದಲ್ಲೇ ಮುಗಿದುಬಿಡುತ್ತದೆ, ಹಸುವಿಗೆ ಮೇವು ಹಾಕುವವರನ್ನು ಯಾರೂ ಕೇಳುವುದಿಲ್ಲ. ಏಪ್ರಿಲ್‌ನಲ್ಲಿ ಖಾಲಿ ಗೋದಲಿ ಮುಂದೆ ನಿಲ್ಲುವವರು ಮಾತ್ರ ನೀವು. ಆಗ ಹೆಚ್ಚು ದುಡ್ಡು ಕೊಟ್ಟು ಕೊಳ್ಳುವುದು ನಿಮ್ಮದೇ ಹಾಲಿನ ಬಿಲ್ಲಿನಿಂದ.

ಲೆಕ್ಕ ಸರಳ. ಹಸುವೊಂದಕ್ಕೆ ದಿನಕ್ಕೆ 5ರಿಂದ 6 ಕೆ.ಜಿ. ಒಣ ಮೇವು. ಮಾರ್ಚ್, ಏಪ್ರಿಲ್, ಮೇ ಸೇರಿ 5 ಕ್ವಿಂಟಲ್ ಆಸುಪಾಸು. ವ್ಯಾಪಾರಿ ಬರುವ ಮೊದಲೇ ಮನೆಯಲ್ಲಿ ಮಾತಾಡಿ, "ಇಷ್ಟು ಹಸುವಿನದು, ಮಾರುವಂತಿಲ್ಲ" ಎಂದು ಎತ್ತಿಡಿ. ಕಲ್ಲು ಇಲ್ಲವೇ ಮರದ ಅಟ್ಟಣೆ ಮೇಲೆ ಬಣವೆ ಒಟ್ಟಿ, ತಾಡಪಾಲು ಹೊದಿಸಿ. ಬೂಷ್ಟು ಹಿಡಿದ ಬಳ್ಳಿ ಹಾಕಲೇಬೇಡಿ. ಅದರ ವಿಷ ಹಾಲಿಗೂ ಇಳಿಯುತ್ತದೆ.

ಬೋರ್‌ವೆಲ್ ನೀರಿದ್ದು ಹಸಿ ಮುಸುಕಿನ ಜೋಳ ಬೆಳೆದವರು ರಸಮೇವು, ಅಂದರೆ ಸೈಲೇಜ್, ಮಾಡಬಹುದು. ತೆನೆಯ ಕಾಳು ಹಾಲು ತುಂಬಿ ಗಟ್ಟಿಯಾಗುತ್ತಿರುವಾಗ ಕೊಯ್ದು, ಒಂದು ಇಂಚಿನಷ್ಟು ಸಣ್ಣಗೆ ಕತ್ತರಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನೀರು ಬಂದರೆ ಒಂದಿಷ್ಟು ಹೊತ್ತು ಬಾಡಲು ಬಿಡಿ. 3 ಅಡಿ ಆಳ, 3 ಅಡಿ ಅಗಲ, 10 ಅಡಿ ಉದ್ದದ ಗುಂಡಿಗೆ ಪ್ಲಾಸ್ಟಿಕ್ ಹಾಸಿ, ಪದರ ಪದರವಾಗಿ ತುಂಬಿ ತುಳಿಯಿರಿ. ಈ ತುಳಿಯುವುದರಲ್ಲೇ ಎಲ್ಲ ಇದೆ. ಒಳಗೆ ಗಾಳಿ ಉಳಿದರೆ ಮೇವು ಕೊಳೆಯುತ್ತದೆ. ಮಕ್ಕಳನ್ನು ಕರೆಯಿರಿ, ಖುಷಿಯಿಂದ ಕುಣಿಯುತ್ತಾರೆ. ಮೇಲೆ ಪ್ಲಾಸ್ಟಿಕ್ ಮುಚ್ಚಿ, ಮಣ್ಣು ಹೇರಿ. ಚೆನ್ನಾಗಿ ತುಳಿದರೆ ಸುಮಾರು 13 ಕ್ವಿಂಟಲ್ ಹಿಡಿಯುತ್ತದೆ. ದಿನಕ್ಕೆ 15 ಕೆ.ಜಿ.ಯಂತೆ ಒಂದು ಹಸುವಿಗೆ ಮೂರು ತಿಂಗಳು ಬರುತ್ತದೆ.

ರಸಮೇವು ಪಕ್ವವಾಗಲು 45 ದಿನ ಬೇಕು. ಜನವರಿ ಮಧ್ಯದೊಳಗೆ ಮುಚ್ಚಿದ ಗುಂಡಿಯನ್ನು ಮಾರ್ಚ್ ಮೊದಲ ವಾರ ತೆರೆಯಬಹುದು. ಯುಗಾದಿಗೆ ಮುಚ್ಚಿದರೆ ಬೇಸಿಗೆಯೇ ಮುಗಿಯುತ್ತಾ ಬಂದಿರುತ್ತದೆ.

ಮೇವು ಕತ್ತರಿಸುವ ಯಂತ್ರ ಇಲ್ಲವೆಂದು ಕೂರಬೇಡಿ. ನಾಲ್ಕು ಮನೆಯವರು ಸೇರಿ ಒಂದು ದಿನದ ಬಾಡಿಗೆಗೆ ತನ್ನಿ, ಸರದಿಯಂತೆ ಕತ್ತರಿಸಿಕೊಳ್ಳಿ. ಯಂತ್ರ ಯಾರ ಬಳಿ ಇದೆ ಎಂದು ಸಂಘದ ಕಾರ್ಯದರ್ಶಿಯನ್ನು ನಾಳೆ ಬೆಳಿಗ್ಗೆ ಹಾಲು ಹಾಕುವಾಗಲೇ ಕೇಳಿ.