ದೋಣಿ ಉಳಿಸೋಕೆ ಕರಗುವ ಸತು

ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಕರೋಷನ್ ಚಾಪ್ಟರ್ ನಾವೆಲ್ಲ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದು ಮರೆತೂ ಬಿಟ್ಟಿದ್ದೇವೆ. ಈ ಸೆಮ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ಅದನ್ನೇ ಮತ್ತೆ ಎತ್ತಿಕೊಂಡ್ವಿ. ಕಾರಣ, ನಮ್ಮ ಟೀಮ್‌ನಲ್ಲಿ ಒಬ್ಬಳ ಮನೆ ಮಲ್ಪೆ ಹತ್ತಿರ. ಅವಳ ಮಾವನದು ಸ್ಟೀಲ್ ಮೀನುಗಾರಿಕೆ ಬೋಟ್.

ಸ್ಟೀಲ್ ತಗಡಿಗೆ ಪೇಂಟ್ ಹೊಡೆದು ಅದನ್ನೇ ದೋಣಿಯ ತಳ ಅಂದುಕೊಂಡೆವು. ಪ್ರೊಪೆಲರ್ ಬದಲು ಒಂದು ಹಿತ್ತಾಳೆ ತುಂಡು, ಪಕ್ಕದಲ್ಲಿ ಒಂದು ಸತುವಿನ ತುಂಡು, ಎರಡನ್ನೂ ಬೋಲ್ಟ್ ಮಾಡಿ ಉಪ್ಪುನೀರಿನ ಟಬ್‌ನಲ್ಲಿ ಇಟ್ಟೆವು. ಎರಡು ವಾರ ಬಿಟ್ಟು ನೋಡಿದರೆ ಸತು ಹೊಸದರ ಹಾಗೇ ಇತ್ತು. ನಮಗೆ ಖುಷಿ! ಆಮೇಲೆ ನೋಡಿದ್ರೆ, ಬೋಲ್ಟ್ ಹಾಕುವಾಗ ಪೇಂಟ್ ಕೆರೆದುಹೋಗಿದ್ದ ಕಡೆ ಸ್ಟೀಲ್ ಪೂರ್ತಿ ತುಕ್ಕು. ತಪ್ಪು ನಮ್ಮದೇ. ಚೆನ್ನಾಗಿ ಕಾಣಲಿ ಅಂತ ಸತುವಿಗೂ ಪೇಂಟ್ ಬಳಿದಿದ್ದೆವು.

ಆಗಿದ್ದೇನು?

ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಲ್ಲಿ ಮುಳುಗಿದರೆ ಅದೊಂದು ಬ್ಯಾಟರಿ. ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್‌ಗೆ ಹೋಲಿಸಿದರೆ ಕಡಲ ನೀರಿನಲ್ಲಿ ಸತುವಿನ ವೋಲ್ಟೇಜ್ ಸುಮಾರು -1.0, ಸ್ಟೀಲ್‌ನದು -0.6, ಕಂಚು ಹಿತ್ತಾಳೆಗಳದು -0.3ರ ಆಸುಪಾಸು. ಹೆಚ್ಚು ನೆಗೆಟಿವ್ ಇರುವುದು ಎಲೆಕ್ಟ್ರಾನ್ ಕೊಟ್ಟು ತಾನು ಕರಗುತ್ತದೆ. ಸ್ಟೀಲ್ ಮತ್ತು ಕಂಚು ಎರಡೇ ಇದ್ದರೆ ಕರಗೋದು ಸ್ಟೀಲ್. ಸತು ಸೇರಿಸಿದರೆ ಆ ಕೆಲಸ ಸತು ವಹಿಸಿಕೊಳ್ಳುತ್ತೆ. ಆದರೆ ಪೇಂಟ್ ಒಳಗೆ ಕೂತ ಸತುವಿಗೆ ನೀರೇ ತಾಗದು, ಇನ್ನು ಕರಗೋದೆಲ್ಲಿ?

ಹಳೆಯ ಪಾಠ

1761ರಲ್ಲಿ ಬ್ರಿಟಿಷ್ ನೌಕಾಪಡೆ ಎಚ್‌ಎಂಎಸ್ ಅಲಾರ್ಮ್ ಎಂಬ ಮರದ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತು. ಮರ ಕೊರೆಯುವ ಹುಳುಗಳನ್ನು ತಡೆಯೋದು ಉದ್ದೇಶ. 1763ರಲ್ಲಿ ಪರೀಕ್ಷಿಸಿದಾಗ ತಾಮ್ರ ತಾಗಿದ್ದ ಕಬ್ಬಿಣದ ಮೊಳೆಗಳು ಸವೆದುಹೋಗಿದ್ದವು. ತಗಡು ಸುತ್ತಿ ಬಂದಿದ್ದ ಕಂದು ಕಾಗದ ನಡುವೆ ಉಳಿದುಕೊಂಡಿದ್ದ ಕಡೆ ಮಾತ್ರ ಮೊಳೆ ಗಟ್ಟಿಯಾಗಿತ್ತು! ವೋಲ್ಟಾ ಬ್ಯಾಟರಿ ಬಂದದ್ದೇ 1800ರಲ್ಲಿ, ಹಾಗಾಗಿ ಕಾರಣ ಆಗ ಯಾರಿಗೂ ಗೊತ್ತಿರಲಿಲ್ಲ.

1824ರಲ್ಲಿ ಹಂಫ್ರಿ ಡೇವಿ ಇದನ್ನೇ ತಿರುಗಿಸಿ ಬಳಸಿದರು. ತಾಮ್ರದ ಹೊದಿಕೆಗೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿದರೆ ತಾಮ್ರ ಸವೆಯೋದು ನಿಲ್ಲುತ್ತೆ ಅಂತ ತೋರಿಸಿದರು. ಸವೆಯೋದು ನಿಂತಿತು ನಿಜ, ಆದರೆ ಪಾಚಿ, ಚಿಪ್ಪುಹುಳುಗಳು ತಳಕ್ಕೆ ಅಂಟಿಕೊಂಡವು. ಅವನ್ನು ದೂರ ಇಟ್ಟಿದ್ದು ಕರಗುತ್ತಿದ್ದ ತಾಮ್ರವೇ. ಸ್ಟೀಲ್‌ಗೆ ಈ ತೊಡಕಿಲ್ಲ, ಆದ್ದರಿಂದ ಡೇವಿಯ ಉಪಾಯ ಇವತ್ತಿಗೂ ಸ್ಟೀಲ್ ಹಡಗುಗಳಲ್ಲಿ ನಡೀತಿದೆ.

ನೆನಪಿಡಬೇಕಾದದ್ದು

ಸತುವಿನ ಮೈ ಬರಿದಾಗಿರಬೇಕು, ಸ್ಟೀಲ್ ಜೊತೆ ಲೋಹಕ್ಕೆ ಲೋಹ ತಾಗಿರಬೇಕು. ನಡುವೆ ಪೇಂಟೋ ತುಕ್ಕೋ ಇದ್ದರೆ ಕನೆಕ್ಷನ್ ಕಟ್.

ಪೇಂಟ್ ಇದೆ, ಸತು ಯಾಕೆ ಅನ್ನಬೇಡಿ. ದೊಡ್ಡ ಕಂಚಿನ ಪ್ರೊಪೆಲರ್ ಎದುರು ಪೇಂಟ್ ಹೋದ ಚಿಕ್ಕ ಗೀರು ಮಾತ್ರ ಸಿಕ್ಕರೆ, ಕರೆಂಟೆಲ್ಲ ಆ ಗೀರಿನಿಂದಲೇ ಹರಿಯುತ್ತೆ. ತುಕ್ಕು ಅಗಲವಾಗಿ ಹರಡದೆ ಆಳಕ್ಕೆ ಇಳಿದು ತೂತು ಮಾಡುತ್ತೆ. ಅದೂ ನೀರಿನ ಕೆಳಗೆ, ಕಣ್ಣಿಗೆ ಕಾಣದ ಕಡೆ.

ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ಕೆಲಸ ನಿಲ್ಲಿಸಬಹುದು, ಅಲ್ಲಿ ಮೆಗ್ನೀಶಿಯಂ ಬೇಕು.

ಅರ್ಧದಷ್ಟು ಸವೆದರೆ ಬದಲಿಸಿ. ಒಂದಿಷ್ಟೂ ಸವೆಯದಿದ್ದರೆ ಅನುಮಾನ ಪಡಿ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಗೆಳತಿಯ ಮಾವ ಬೋಟಿನ ತಳ ನೋಡಿಸೋದು ಆಗಲೇ. ಆಗಸ್ಟ್‌ನಲ್ಲಿ ಮತ್ತೆ ಕಡಲಿಗೆ ಇಳಿದರೆ ಬೋಟಿನಲ್ಲಿರುವವರ ಜೀವ ಆ ಸ್ಟೀಲ್ ತಗಡಿನ ಮೇಲೆ. "ಸತು ಚೆನ್ನಾಗೇ ಇದೆ, ಇನ್ನೊಂದು ವರ್ಷ ಬರುತ್ತೆ" ಅಂತ ಪೇಂಟ್ ಬಳಿದು ಬಿಟ್ಟರೆ ಏನಾಗುತ್ತೆ ಅನ್ನೋದು ನಮಗೆ ಟಬ್‌ನಲ್ಲೇ ಗೊತ್ತಾಯ್ತು.

ಮರಳುಕಾಗದದಿಂದ ಸತುವನ್ನು ಉಜ್ಜಿ, ಹೊಸ ತಗಡಿಗೆ ಅದೇ ಥರ ಗೀರು ಹಾಕಿ, ಮತ್ತೆ ಎರಡು ವಾರ ಇಟ್ಟೆವು. ಈ ಸಲ ಸತು ಬಿಳಿಚಿಕೊಂಡು ಕುಳಿ ಕುಳಿಯಾಗಿತ್ತು. ಗೀರು ಮಾತ್ರ ಹಾಕಿದ ಹಾಗೇ ಇತ್ತು.