ಲಾರೆಲ್: ಕಿರೀಟದಿಂದ ಅಡಿಗೆಯ ಮನೆಗೆ

ಪುರಾತನ ಗ್ರೀಸಿನ ಡೆಲ್ಫಿ ಕ್ಷೇತ್ರದಲ್ಲಿ ನಡೆಯುತ್ತಿದ್ದ ಪಿಥಿಯನ್ ಕ್ರೀಡೆಗಳಲ್ಲಿ ಗೆದ್ದವನ ತಲೆಗೆ ಚಿನ್ನದ ಕಿರೀಟವನ್ನು ತೊಡಿಸುತ್ತಿರಲಿಲ್ಲ. ಒಂದು ಮರದ ಹಸುರೆಲೆಗಳಿಂದ ಹೆಣೆದ ಕಿರೀಟವೇ ಅವನಿಗೆ ಸಲ್ಲುತ್ತಿದ್ದ ಪರಮ ಗೌರವ. ರೋಮಿನ ದಂಡನಾಯಕರೂ ವಿಜಯೋತ್ಸವದ ದಿನ ಅದೇ ಎಲೆಯನ್ನು ಧರಿಸುತ್ತಿದ್ದರು. ನೊಬೆಲ್ ಪಾರಿತೋಷಕ ಪಡೆದವರಿಗೆ ಇಂದಿಗೂ ಸಲ್ಲುತ್ತಿರುವ ‘ಲಾರಿಯೇಟ್’ ಎಂಬ ಬಿರುದು ಹುಟ್ಟಿದುದು ಆ ಮರದ ಹೆಸರಿನಿಂದಲೇ. ಇಷ್ಟೊಂದು ಕೀರ್ತಿಯನ್ನು ಹೊತ್ತ ಎಲೆ ಈಗ ಹೆಚ್ಚಾಗಿ ಕಾಣಸಿಗುವುದು ಕುದಿಯುವ ಪಾತ್ರೆಯೊಳಗೆ!

ಈ ಮರವೇ ಲಾರೆಲ್ ಅಥವಾ ಬೇ ಲಾರೆಲ್. 1753ರಲ್ಲಿ ಲಿನೇಯಸನು ಇದಕ್ಕೆ ‘ಲಾರಸ್ ನೊಬಿಲಿಸ್’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳು ಇದರ ತವರು. ದಾಲ್ಚಿನ್ನಿ, ಕರ್ಪೂರ ಮತ್ತು ಬೆಣ್ಣೆಹಣ್ಣಿನ ಮರಗಳು ಇದರ ಕುಟುಂಬಕ್ಕೇ ಸೇರಿದವು.

ಆದರೆ ‘ಲಾರೆಲ್’ ಎಂಬ ಹೆಸರನ್ನು ಹೊತ್ತುದೆಲ್ಲವೂ ಲಾರೆಲ್ ಅಲ್ಲ. ಯುರೋಪಿನ ತೋಟಗಳಲ್ಲಿ ಬೇಲಿಗಾಗಿ ಬೆಳೆಸುವ ಚೆರಿ ಲಾರೆಲ್ ವಿಷಯುಕ್ತವಾದುದು. ಹೆಸರನ್ನಷ್ಟೇ ನಂಬಿ ಎಲೆಯನ್ನು ಕಿತ್ತು ಪಾತ್ರೆಗೆ ಹಾಕಿದರೆ ಪ್ರಾಣಕ್ಕೇ ಅಪಾಯವಾದೀತು. ಆದುದರಿಂದ ಮೊದಲು ಗುರುತು, ಅನಂತರ ಅಡಿಗೆ.

ಗುರುತಿಸುವ ಬಗೆ

ನಿಜವಾದ ಲಾರೆಲ್ಲಿನ ಎಲೆ ಸುಮಾರು 6ರಿಂದ 12 ಸೆಂಟಿಮೀಟರ್ ಉದ್ದ, 2ರಿಂದ 4 ಸೆಂಟಿಮೀಟರ್ ಅಗಲವಾಗಿರುತ್ತದೆ. ತುದಿ ಚೂಪು, ಮೈ ತೊಗಲಿನಂತೆ ಗಡುಸು, ಮೇಲ್ಭಾಗ ಹೊಳೆಯುವ ಕಡುಹಸುರು, ಕೆಳಭಾಗ ತಿಳಿಹಸುರು. ಅಂಚಿನಲ್ಲಿ ಗರಗಸದ ಹಲ್ಲುಗಳಿಲ್ಲ. ಬದಲಾಗಿ ಸಣ್ಣ ಅಲೆಗಳಂತಹ ಏರಿಳಿತವಿರುತ್ತದೆ. ಮಧ್ಯದಲ್ಲಿ ಒಂದೇ ದಪ್ಪ ನರವಿದ್ದು, ಅದರ ಎರಡು ಪಕ್ಕಗಳಿಂದಲೂ ಹಕ್ಕಿಯ ಗರಿಯಲ್ಲಿರುವಂತೆ ಕಿರುನರಗಳು ಹೊರಡುತ್ತವೆ. ಕೊಂಬೆಯ ಮೇಲೆ ಎಲೆಗಳು ಒಂದಾದ ಮೇಲೊಂದರಂತೆ ಪರ್ಯಾಯವಾಗಿ ಹುಟ್ಟುತ್ತವೆ. ಎಲೆಯನ್ನು ಹಿಸುಕಿದರೆ ಹಿತವಾದ ಮಸಾಲೆಯ ಕಂಪು ಹೊಮ್ಮುತ್ತದೆ.

ಹೂವು ಕಾಯಿಗಳು ಇನ್ನೂ ಹೆಚ್ಚಿನ ಭರವಸೆಯನ್ನು ಕೊಡುತ್ತವೆ. ಗಂಡು ಹೂವು ಒಂದು ಮರದಲ್ಲಿ, ಹೆಣ್ಣು ಹೂವು ಬೇರೊಂದು ಮರದಲ್ಲಿ. ವಸಂತದಲ್ಲಿ ಎಲೆಗಳ ಕಂಕುಳಲ್ಲಿ ತಿಳಿಹಳದಿ ಬಣ್ಣದ ಪುಟ್ಟ ಗೊಂಚಲುಗಳು ಮೂಡುತ್ತವೆ. ಹೆಣ್ಣು ಮರದ ಹಣ್ಣು ಕಪ್ಪು. ಅದರಲ್ಲಿರುವುದು ಒಂದೇ ಬೀಜ.

ಚೆರಿ ಲಾರೆಲ್ಲಿನ ಎಲೆ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು, ಅಗಲವಾದುದು. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಹಲ್ಲು. ಅದರ ಬಿಳಿಯ ಹೂಗಳು ನೆಟ್ಟನೆಯ ಉದ್ದ ಗೊಂಚಲುಗಳಲ್ಲಿ ಅರಳುತ್ತವೆ. ಜಜ್ಜಿದ ಎಲೆಯಿಂದ ಕಹಿಬಾದಾಮಿಯ ವಾಸನೆ ಬರುತ್ತದೆ. ಅದರೊಡನೆ ಹೈಡ್ರೊಜನ್ ಸಯನೈಡ್ ಎಂಬ ವಿಷಾನಿಲವೂ ಹೊರಬೀಳುತ್ತದೆ. ಕೀಟಸಂಗ್ರಾಹಕರು ಹಿಂದೆ ಈ ಎಲೆಗಳನ್ನು ಜಜ್ಜಿ ಸೀಸೆಯಲ್ಲಿ ತುಂಬಿ ಕೀಟಗಳನ್ನು ಕೊಲ್ಲುತ್ತಿದ್ದರೆಂದರೆ ಅದರ ಸ್ವಭಾವ ತಿಳಿಯುತ್ತದೆ.

ಎರಡನೆಯ ಶತ್ರು ನಮಗೆ ಚಿರಪರಿಚಿತವಾದ ಕಣಗಿಲೆ. ಮೆಡಿಟರೇನಿಯನ್ ನಾಡುಗಳಲ್ಲಿ ಇದೂ ಲಾರೆಲ್ಲೂ ಒಂದೇ ನೆಲದಲ್ಲಿ ಬೆಳೆಯುತ್ತವೆ. ಕಣಗಿಲೆಯ ಎಲೆ ನೀಳ, ಕಿರಿದು, ಸಾಧಾರಣವಾಗಿ ಒಂದೇ ಗೆಣ್ಣಿನಲ್ಲಿ ಮೂರು ಎಲೆಗಳು ಸುತ್ತುಗಟ್ಟಿ ನಿಲ್ಲುತ್ತವೆ, ಮಸಾಲೆಯ ಕಂಪಿಲ್ಲ. ಇದರ ವಿಷ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಒಣಗಿಸಿದರೂ ಕುದಿಸಿದರೂ ಅದು ನಾಶವಾಗದು. ಸಂದೇಹವಿದ್ದಾಗ ಎಲೆಯನ್ನು ಬಾಯಿಗಿಟ್ಟು ಪರೀಕ್ಷಿಸುವುದು ಸರ್ವಥಾ ಕೂಡದು. ಎಲ್ಲ ಲಕ್ಷಣಗಳೂ ಒಟ್ಟಿಗೆ ಹೊಂದಿದರೆ ಮಾತ್ರ ಅದನ್ನು ಲಾರೆಲ್ ಎನ್ನಬೇಕು.

ನಮ್ಮ ಪಲಾವ್ ಎಲೆ

ನಮ್ಮ ಅಂಗಡಿಗಳಲ್ಲಿ ಪಲಾವ್ ಎಲೆಯೆಂದು ಮಾರುವುದು ಇದನ್ನೇ ಅಲ್ಲವೆ ಎಂದು ಓದುಗರು ಕೇಳಬಹುದು. ಅಲ್ಲ, ಅದು ಸಾಮಾನ್ಯವಾಗಿ ದಾಲ್ಚಿನ್ನಿಯ ಬಳಗದ ತಮಾಲಪತ್ರ. ಅದರ ಎಲೆಯಲ್ಲಿ ಬುಡದಿಂದ ತುದಿಯ ಕಡೆಗೆ ಮೂರು ನರಗಳು ಸ್ಪಷ್ಟವಾಗಿ ಸಾಗುತ್ತವೆ. ಒಣಗಿದ ಎಲೆಯಲ್ಲಿಯೂ ಈ ಗುರುತು ಅಳಿಯುವುದಿಲ್ಲ. ಕಂಪು ದಾಲ್ಚಿನ್ನಿ ಲವಂಗಗಳನ್ನು ಹೋಲುತ್ತದೆ. ಪರದೇಶದಲ್ಲಿರುವ ಕನ್ನಡಿಗರು ಅಲ್ಲಿನ ಅಂಗಡಿಯ ಲಾರೆಲ್ ಎಲೆಯನ್ನು ಹಾಕಿ ಪಲಾವು ಮಾಡಿ, ಮನೆಯ ಪರಿಮಳ ಬರಲಿಲ್ಲವೆಂದುಕೊಂಡರೆ, ತಪ್ಪು ಅಡಿಗೆಯವರದಲ್ಲ, ಎಲೆಯದು. ಇನ್ನೊಂದು ಸ್ವಾರಸ್ಯವೂ ಉಂಟು: ತಲೆಗೆ ಲಾರೆಲ್ ಮುಡಿಯುತ್ತಿದ್ದ ರೋಮನರು ಅದರ ಈ ಭಾರತೀಯ ಬಂಧುವನ್ನು ‘ಮಲಬಾಥ್ರಮ್’ ಎಂಬ ಹೆಸರಿನಿಂದ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ ತರಿಸಿಕೊಳ್ಳುತ್ತಿದ್ದರು.

ಪಾತ್ರೆಯಲ್ಲಿ ನಡೆಯುವುದೇನು?

ಲಾರೆಲ್ ಎಲೆಯೊಳಗಿನ ಸೂಕ್ಷ್ಮ ಕೋಶಗಳಲ್ಲಿ ಸುಗಂಧತೈಲ ಅಡಗಿದೆ. ಅದರ ಮುಖ್ಯಾಂಶ ಸಿನಿಯೋಲ್; ನೀಲಗಿರಿ ತೈಲದಲ್ಲಿ ಪ್ರಧಾನವಾಗಿರುವುದೂ ಇದೇ. ಎಲೆ ಗಡುಸಾಗಿರುವುದರಿಂದ ತೈಲ ಮೆಲ್ಲಮೆಲ್ಲನೆ ಹೊರಬರುತ್ತದೆ. ಆದಕಾರಣ ಎಲೆಯನ್ನು ಆರಂಭದಲ್ಲಿಯೇ ಹಾಕಿ, ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಬೇಕು. ಈ ಪರಿಮಳದ್ರವ್ಯಗಳು ನೀರಿಗಿಂತ ಜಿಡ್ಡಿನಲ್ಲಿ ಸುಲಭವಾಗಿ ಕರಗುವುದರಿಂದ, ಮೊದಲು ಎಣ್ಣೆ ಇಲ್ಲವೆ ತುಪ್ಪದಲ್ಲಿ ಬಾಡಿಸುವುದು ಯುಕ್ತ. ನಾಲ್ಕೈದು ಜನರ ಅಡಿಗೆಗೆ ಒಂದೆರಡು ಎಲೆ ಸಾಕು; ಹೆಚ್ಚಾದರೆ ಕಹಿ.

ಹಸಿ ಎಲೆಯಲ್ಲಿ ಕಹಿ ಎದ್ದುತೋರುತ್ತದೆ. ಒಣಗಿದಾಗ ಅದು ತಗ್ಗುತ್ತದೆ. ಎಲೆಗಳನ್ನು ಗಾಳಿಯಾಡುವ ನೆರಳಿನಲ್ಲಿ ಹರಡಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಮುರಿದು ಮೂಸಿದಾಗ ಕಂಪಿಲ್ಲದಿದ್ದರೆ ಅಂತಹ ಎಲೆಯಿಂದ ಅಡಿಗೆಗೆ ಪ್ರಯೋಜನವಿಲ್ಲ.

ಕೊನೆಯದಾಗಿ, ಬಡಿಸುವ ಮುನ್ನ ಎಲೆಯನ್ನು ತೆಗೆದುಬಿಡಬೇಕು. ಅದು ವಿಷವೆಂಬ ಭಯ ಕೆಲವರಲ್ಲಿದೆ, ಅದು ಸರಿಯಲ್ಲ. ಎಷ್ಟು ಬೆಂದರೂ ಎಲೆ ಮೆದುವಾಗುವುದಿಲ್ಲ. ಅದರ ಗಡುಸು ಅಂಚು ಗಂಟಲಿನಲ್ಲಿಯೋ ಅನ್ನನಾಳದಲ್ಲಿಯೋ ಸಿಕ್ಕಿಕೊಂಡ ನಿದರ್ಶನಗಳು ವೈದ್ಯಶಾಸ್ತ್ರದಲ್ಲಿವೆ. ಹಾಕಿದ ಎಲೆಗಳನ್ನು ಎಣಿಸಿಟ್ಟುಕೊಂಡು, ಅಷ್ಟನ್ನೂ ತೆಗೆಯುವುದು ಜಾಣತನ.