ಮಾತು ತಡೆಯುವ ಗೋಡೆ, ಪೆಟ್ಟು ದಾಟಿಸುವ ನೆಲ

ಮಣಿಪಾಲ, ಉಡುಪಿಯ ಫ್ಲ್ಯಾಟುಗಳಲ್ಲಿ ಇರುವವರ ದೂರು ಹೆಚ್ಚುಕಡಿಮೆ ಒಂದೇ. ಪಕ್ಕದ ಮನೆಯ ಟಿ.ವಿ. ಕೇಳಿಸುವುದಿಲ್ಲ, ಆದರೆ ಮೇಲಿನ ಮನೆಯವರು ಕುರ್ಚಿ ಎಳೆದದ್ದು, ಕಾಯಿ ಒಡೆದದ್ದು, ಗ್ರೈಂಡರ್ ಹಾಕಿದ್ದು ಎಲ್ಲ ಗೊತ್ತಾಗುತ್ತದೆ. ಸ್ಲ್ಯಾಬ್ ತೆಳ್ಳಗಾಯಿತು, ಬಿಲ್ಡರ್ ಕಾಂಕ್ರೀಟ್ ಉಳಿಸಿದ ಎಂದು ಬೈಯುತ್ತಾರೆ. ಬಹಳಷ್ಟು ಸಲ ತಪ್ಪು ಸ್ಲ್ಯಾಬಿನದ್ದಲ್ಲ, ಅದರ ಮೇಲೆ ಟೈಲ್ಸ್ ಕೂರಿಸಿದ ರೀತಿಯದ್ದು.

ಗಾಳಿಯಲ್ಲಿ ಬರುವ ಸದ್ದನ್ನು ತಡೆಯುವುದು ತೂಕ. ಗೋಡೆಯ ತೂಕ ಇಮ್ಮಡಿಯಾದರೆ ತಡೆ ಸುಮಾರು 5ರಿಂದ 6 ಡೆಸಿಬಲ್ ಹೆಚ್ಚುತ್ತದೆ. ನಮ್ಮ ಕಡೆ ಕಾಂಕ್ರೀಟಿನ ಕಂಬ, ಬೀಮುಗಳ ನಡುವೆ ಕೆಂಪುಕಲ್ಲು ಕಟ್ಟಿ ಎರಡೂ ಬದಿ ಸಾರಣೆ ಮಾಡುವ ರೂಢಿಯಿದೆ. ಕೆಂಪುಕಲ್ಲಿನ ಮೈತುಂಬ ಸಣ್ಣ ತೂತುಗಳು. ಸಾರಣೆ ಅವನ್ನು ಮುಚ್ಚಿದ ಮೇಲೆ ಆ ಭಾರದ ಗೋಡೆಯನ್ನು ದಾಟಿ ಮಾತು ಸುಲಭವಾಗಿ ಹೋಗದು. ಈಗ ಹಗುರ ಎಎಸಿ ಬ್ಲಾಕುಗಳು ಬಂದಿವೆ. ಕಾಂಕ್ರೀಟು ಘನಮೀಟರಿಗೆ ಸುಮಾರು 2400 ಕಿಲೋ ತೂಗಿದರೆ ಇವು 600ರ ಆಸುಪಾಸು. ಎತ್ತರದ ಕಟ್ಟಡಕ್ಕೆ ಭಾರ ಇಳಿಯುವುದು ಒಳ್ಳೆಯದೇ. ಆದರೆ ಎರಡು ಮನೆಗಳ ನಡುವಿನ ಗೋಡೆಯನ್ನಾದರೂ ಕೆಂಪುಕಲ್ಲಿನಲ್ಲೇ ಉಳಿಸಿಕೊಳ್ಳಬೇಕು ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಗೋಡೆ ಎಷ್ಟೇ ಭಾರವಿರಲಿ, ಸಂದಿ ಇದ್ದರೆ ಎಲ್ಲ ವ್ಯರ್ಥ. ನೂರು ಚದರಡಿಯ ಗೋಡೆಯಲ್ಲಿ ಒಂದು ಚದರಡಿ ಕಿಂಡಿ ತೆರೆದಿದ್ದರೆ ಒಟ್ಟು ತಡೆ 20 ಡೆಸಿಬಲ್ ದಾಟುವುದಿಲ್ಲ. ಕಾಪುವಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಮನೆಗಳಿಗೆ ಲಾರಿಯ ಸದ್ದು ನುಗ್ಗುವುದು ಜಾರುವ ಕಿಟಕಿಯ ಸಂದಿಯಿಂದ. ಗೋಡೆಗೆ ಫೋಮ್, ಮೊಟ್ಟೆ ಟ್ರೇ ಅಂಟಿಸಿದರೆ ಕೋಣೆಯೊಳಗಿನ ಪ್ರತಿಧ್ವನಿ ತಗ್ಗೀತು. ಹೊರಗಿನ ಸದ್ದು ನಿಲ್ಲುವುದಿಲ್ಲ.

ಪೆಟ್ಟಿನ ಸದ್ದಿನ ದಾರಿಯೇ ಬೇರೆ. ಗಟ್ಟಿ ಟೈಲ್ಸಿನ ಮೇಲೆ ಕುರ್ಚಿ ಕಾಲು ಉಜ್ಜಿದರೆ ಸ್ಲ್ಯಾಬೇ ಚೆಂಡೆಯ ಚರ್ಮದಂತೆ ಅದುರಿ ಕೆಳಗಿನ ಕೋಣೆಯಲ್ಲಿ ಸದ್ದು ಮಾಡುತ್ತದೆ. ಕಾರ್ಕಳದ ಕಡೆಯ ಕ್ವಾರಿಯ ಜಲ್ಲಿ ಹಾಕಿ ಎಷ್ಟು ಗಟ್ಟಿಯಾಗಿ ಎರಕ ಹೊಯ್ದರೂ ಇದು ತಪ್ಪದು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಸದ್ದು ಕಾಂಕ್ರೀಟಿನಲ್ಲಿ ಅದರ ಹತ್ತು ಪಟ್ಟು ವೇಗದಲ್ಲಿ ಓಡುತ್ತದೆ, ದಾರಿಯಲ್ಲಿ ಸೊರಗುವುದೂ ಕಡಿಮೆ. ಬೆಂಗಳೂರಿನಲ್ಲಿ ಹೆಚ್ಚುತ್ತಿರುವ ಮೈವಾನ್ ಪದ್ಧತಿಯಲ್ಲಿ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ಸ್ಲ್ಯಾಬ್ ಎರಡನ್ನೂ ಒಟ್ಟಿಗೇ ಎರೆಯುತ್ತಾರೆ. ಗೋಡೆ, ಸ್ಲ್ಯಾಬ್ ಒಂದೇ ಕಾಂಕ್ರೀಟಿನ ಮೈಯಾಗುವುದರಿಂದ ಎರಡನೇ ಮಹಡಿಯಲ್ಲಿ ಡ್ರಿಲ್ ಹಿಡಿದರೆ ಏಳನೆಯದಕ್ಕೂ ಕೇಳಿಸಬಹುದು.

ಪೆಟ್ಟಿನ ಸದ್ದನ್ನು ಅಳೆಯಲು ಪ್ರಯೋಗಾಲಯದಲ್ಲೊಂದು ಯಂತ್ರವಿದೆ: ಸಾಲಾಗಿ ಐದು ಉಕ್ಕಿನ ಸುತ್ತಿಗೆಗಳು, ಒಂದೊಂದೂ ಅರ್ಧ ಕಿಲೋ. ನಾಲ್ಕು ಸೆಂಟಿಮೀಟರ್ ಎತ್ತರದಿಂದ ಬಿದ್ದು, ಎಲ್ಲವೂ ಸೇರಿ ಸೆಕೆಂಡಿಗೆ ಹತ್ತು ಪೆಟ್ಟು ಹಾಕುತ್ತವೆ. ಕೆಳಗಿನ ಕೋಣೆಯಲ್ಲಿ ಮೈಕ್ ಇಟ್ಟು ಸದ್ದು ದಾಖಲಿಸುತ್ತಾರೆ. ಸ್ಲ್ಯಾಬಿಗೆ ಇನ್ನೊಂದಿಂಚು ಕಾಂಕ್ರೀಟ್ ಸೇರಿಸಿದರೆ ಸಿಗುವ ಲಾಭ ಅಲ್ಪ. ಸ್ಲ್ಯಾಬಿಗೂ ಟೈಲ್ಸ್ ಕೂರುವ ಗಾರೆಗೂ ನಡುವೆ ಕೆಲವೇ ಮಿಲಿಮೀಟರ್ ದಪ್ಪದ ರಬ್ಬರ್ ಅಥವಾ ಫೋಮ್ ಹಾಸಿದರೆ ಲಾಭ ಹಲವು ಪಟ್ಟು.

ಆದರೆ ಕೆಲಸ ಕೆಡುವುದು ಅಂಚಿನಲ್ಲಿ. ಆ ಹಾಸು ಗೋಡೆಯ ಬುಡದಲ್ಲಿ ಮೇಲಕ್ಕೆ ಮಡಚಿ ನಿಲ್ಲಬೇಕು, ಟೈಲ್ಸ್ ಗೋಡೆಗೆ ತಾಗಬಾರದು, ಸ್ಕರ್ಟಿಂಗಿನ ಕೆಳಗೆ ತುಸು ಜಾಗ ಬಿಟ್ಟು ಮೆತ್ತನೆಯ ಸೀಲೆಂಟ್ ತುಂಬಬೇಕು. ಮೇಸ್ತ್ರಿ ಆ ಸಂದಿಗೆ ಸಿಮೆಂಟ್ ತುಂಬಿ ನಯಗೊಳಿಸಿದರೆ, ಅಥವಾ ಹಾಸಿನ ಹರುಕಿನಲ್ಲಿ ಒಂದು ಮುಷ್ಟಿ ಗಾರೆ ಇಳಿದು ಸ್ಲ್ಯಾಬಿಗೆ ತಾಗಿದರೆ, ಪೆಟ್ಟು ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಫ್ಲ್ಯಾಟ್ ಬುಕ್ ಮಾಡುವವರು ಟೈಲ್ಸಿನ ಬಣ್ಣ ಆರಿಸುವ ಮೊದಲು ಅದರ ಅಡಿಗೆ ಏನು ಹಾಸುತ್ತೀರಿ ಎಂದು ಕೇಳಬೇಕು. ಟೈಲ್ಸ್ ಕೂತ ಮೇಲೆ ಅದನ್ನು ಸರಿಪಡಿಸಬೇಕಾದರೆ ನೆಲವನ್ನೇ ಕೀಳಬೇಕು.

ಈಗಾಗಲೇ ವಾಸವಿರುವವರು ತಮ್ಮ ಚಾವಣಿಗೆ ಫಾಲ್ಸ್ ಸೀಲಿಂಗ್ ಹಾಕಿಸಿದರೆ ಪೂರ್ತಿ ಗುಣವಾಗದು, ಕಂಪನ ಗೋಡೆಯಲ್ಲೂ ಇಳಿಯುತ್ತದೆ. ಮೇಲಿನ ಮನೆಯವರು ಕುರ್ಚಿ ಕಾಲಿಗೆ ರಬ್ಬರ್ ಟೋಪಿ, ಓಡಾಡುವ ಕಡೆ ದಪ್ಪ ತೆಂಗಿನ ನಾರಿನ ಹಾಸು, ಗ್ರೈಂಡರಿನ ಅಡಿಗೆ ರಬ್ಬರ್ ಮಣೆ ಇಟ್ಟರೆ ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಸದ್ದು ತಗ್ಗುತ್ತದೆ.